ಹೆಸರು ಮರೆತ ಯಂತ್ರ

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಹಿಂದಿನ ಗಲ್ಲಿಯ ಗುಜರಿ ಅಂಗಡಿಯೊಂದರಿಂದ ಒಂದು ಹಳೆಯ ಕಂಪ್ಯೂಟರ್ ತಂದೆ. ಸನ್ ಸ್ಪಾರ್ಕ್‌ಸ್ಟೇಷನ್ 5, 1994ರಲ್ಲಿ ಮಾರುಕಟ್ಟೆಗೆ ಬಂದ ವರ್ಕ್‌ಸ್ಟೇಷನ್. ಪಿಜ್ಜಾ ಡಬ್ಬಿಯಂಥ ಚಪ್ಪಟೆ ಪೆಟ್ಟಿಗೆ. ಅಂಗಡಿಯವನು ಅದನ್ನು ತಕ್ಕಡಿಗಿಟ್ಟು ಕಿಲೋ ಲೆಕ್ಕದಲ್ಲಿ ದರ ಹೇಳಿದ. "ಒಳಗೆ ತಾಮ್ರ ಜಾಸ್ತಿ ಇಲ್ಲ ಸಾರ್" ಎಂದು ಅವನೇ ಮರುಕಪಟ್ಟ.

ತಾಮ್ರ ನನಗೆ ಬೇಕಿರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾಲದ ಹೆಸರಿನಿಂದ ತನ್ನ ಹೆಸರು ಪಡೆದು 1982ರಲ್ಲಿ ಹುಟ್ಟಿದ ಸನ್ ಕಂಪನಿ 2010ರಲ್ಲಿ ಒರಾಕಲ್ ಪಾಲಾಯಿತು. ನಡುವಿನ ವರ್ಷಗಳಲ್ಲಿ ಚಿಪ್ ವಿನ್ಯಾಸಕರು, ವಿಜ್ಞಾನಿಗಳು, ಷೇರುಪೇಟೆಯವರು ಇಂಥ ಯಂತ್ರಗಳ ಮುಂದೆ ಕೂತಿದ್ದರು. 1995ರ 'ಟಾಯ್ ಸ್ಟೋರಿ' ಸಿನಿಮಾದ ಚೌಕಟ್ಟುಗಳನ್ನು ಮೂಡಿಸಿದ್ದು ಇದರ ಅಣ್ಣನಂತಿದ್ದ ಸ್ಪಾರ್ಕ್‌ಸ್ಟೇಷನ್ 20ರ 117 ಯಂತ್ರಗಳು. ನಾನು ವಿದ್ಯಾರ್ಥಿಯಾಗಿದ್ದಾಗ ಗಾಜಿನ ಕೋಣೆಯಾಚೆ ನೋಡಿದ್ದೆ, ಮುಟ್ಟಿರಲಿಲ್ಲ. ಈ ಹವ್ಯಾಸದ ಮೂಲ ಬಹುಶಃ ಅಷ್ಟೇ.

ಮನೆಗೆ ತಂದು ವಿದ್ಯುತ್ ಕೊಟ್ಟಾಗ ಅದು ಎದ್ದಿತು. ಹೊಂದುವ ಮಾನಿಟರ್ ಆಗಲಿ ಕೀಬೋರ್ಡ್ ಆಗಲಿ ನನ್ನಲ್ಲಿರಲಿಲ್ಲ. ಕೀಬೋರ್ಡ್ ಕಾಣದಿದ್ದರೆ ಈ ಯಂತ್ರಗಳು ಸೀರಿಯಲ್ ತಂತಿಯ ಮೂಲಕ ಮಾತಾಡುತ್ತವೆ. ಹಾಗೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂದ ಅದರ ಮೊದಲ ಮಾತು, ತನ್ನ ಗುರುತಿನ ವಿವರ ಅಸಿಂಧು ಎಂಬುದು. ವಿಳಾಸ ಇರಬೇಕಾದ ಕಡೆ ಬರೀ ಎಫ್ ಅಕ್ಷರಗಳ ಸಾಲು.

ಇದು ಈ ಯಂತ್ರಗಳಿಗೆ ಬರುವ ಪ್ರಸಿದ್ಧ ಕಾಯಿಲೆ. ಯಂತ್ರದ ಗಡಿಯಾರ, ಜಾಲದ ವಿಳಾಸ, ಗುರುತಿನ ಸಂಖ್ಯೆ ಮೂರೂ ಒಂದೇ ಪುಟ್ಟ ಚಿಪ್‌ನಲ್ಲಿರುತ್ತವೆ. ಅವನ್ನು ಉಳಿಸುವ ಬ್ಯಾಟರಿಯನ್ನು ಅದೇ ಚಿಪ್‌ನೊಳಗೆ ರಾಳ ಸುರಿದು ಮುಚ್ಚಿದ್ದಾರೆ. ಸುಮಾರು ಹತ್ತು ವರ್ಷಕ್ಕೆ ಬ್ಯಾಟರಿ ಸಾಯುತ್ತದೆ, ಯಂತ್ರ ತಾನು ಯಾರೆಂಬುದನ್ನು ಮರೆಯುತ್ತದೆ. ಚಿಪ್‌ನ ನೆತ್ತಿಯನ್ನು ಅರದಿಂದ ಉಜ್ಜಿ, ಒಳಗಿನ ಎರಡು ತಂತಿಗಳನ್ನು ಹುಡುಕಿ, ಕಿರಾಣಿ ಅಂಗಡಿಯಲ್ಲೂ ಸಿಗುವ ನಾಣ್ಯದಂಥ ಬ್ಯಾಟರಿಯನ್ನು ಬೆಸೆಯಬೇಕು. ಒಂದು ಭಾನುವಾರ ಹೋಯಿತು, ಹೆಬ್ಬೆರಳೂ ಸ್ವಲ್ಪ ಸುಟ್ಟಿತು.

ಬ್ಯಾಟರಿ ಬಂದರೂ ಹೆಸರು ಮರಳುವುದಿಲ್ಲ. ಅದನ್ನು ನಾವೇ ಟೈಪ್ ಮಾಡಬೇಕು. ಚಿಪ್‌ನ ಮೇಲೆ ಮೂಲ ಸಂಖ್ಯೆಯ ಚೀಟಿ ಇರುವುದುಂಟು. ನನ್ನದರ ಮೇಲೆ ಅಂಟಿನ ಕಲೆಯಷ್ಟೇ ಇತ್ತು. ಹವ್ಯಾಸಿಗಳ ಮಾರ್ಗದರ್ಶಿಯಲ್ಲಿ ಉದಾಹರಣೆಗೆಂದು ಕೊಟ್ಟ ಸಂಖ್ಯೆ ಸಿ, ಸೊನ್ನೆ, ಎಫ್, ಎಫ್, ಇ, ಇ. ಒಟ್ಟಿಗೆ ಓದಿದರೆ ಕಾಫಿ. ಜಗತ್ತಿನ ಎಷ್ಟೋ ಮೂಲೆಗಳಲ್ಲಿ ಮತ್ತೆ ಎದ್ದ ಸನ್ ಯಂತ್ರಗಳು ಇದೇ ಹೆಸರಲ್ಲಿ ಬದುಕಿರಬೇಕು. ನಾನೂ ಅದನ್ನೇ ಕೊಟ್ಟೆ. ಒಂದು ಕಾಲಕ್ಕೆ ಲಕ್ಷಾಂತರ ರೂಪಾಯಿಯ ತಂತ್ರಾಂಶಗಳು ಈ ಗುರುತಿನ ಸಂಖ್ಯೆಯನ್ನು ಪರೀಕ್ಷಿಸಿಯೇ ಬಾಗಿಲು ತೆರೆಯುತ್ತಿದ್ದವು. ಆಗ ಅದನ್ನು ಬದಲಿಸುವುದು ವಂಚನೆಗೆ ಹತ್ತಿರದ ಕೆಲಸ, ಈಗ ಹವ್ಯಾಸದ ಮೊದಲ ಪಾಠ.

ಇಲ್ಲಿಯವರೆಗೆ ನನಗೆ ತಮಾಷೆಯಾಗಿಯೇ ಇತ್ತು.

ಆಮೇಲೆ ಡಿಸ್ಕ್ ತಿರುಗಿತು. ತನ್ನ ಹೆಸರು ಮರೆತ ಯಂತ್ರ ಇನ್ನೊಬ್ಬರ ಹೆಸರನ್ನು ಚೆನ್ನಾಗಿ ನೆನಪಿಟ್ಟುಕೊಂಡಿತ್ತು. ಗುಪ್ತಪದ ಕೇಳಿದಾಗ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಸಿ.ಡಿ.ಯಿಂದ ಯಂತ್ರ ಎಬ್ಬಿಸಿ, ಡಿಸ್ಕ್‌ನ ಗುಪ್ತಪದದ ಕಡತ ತೆರೆದು, ಒಂದು ಸಾಲಿನ ನಡುವಿನ ಭಾಗ ಅಳಿಸಿದೆ. ಎರಡು ನಿಮಿಷದ ಕೆಲಸ. ಅದು ಬೀಗ ಒಡೆಯುವುದು ಎಂದು ಆ ಎರಡು ನಿಮಿಷದಲ್ಲಿ ಒಮ್ಮೆಯೂ ಅನ್ನಿಸಲಿಲ್ಲ. ಒಳಗೆ ಒಬ್ಬ ಇಂಜಿನಿಯರ್‌ನ ಇಡೀ ಮೇಜು ಇತ್ತು. ಸರ್ಕ್ಯೂಟ್ ಕಡತಗಳು, ಅರ್ಧ ಮುಗಿದ ಪ್ರೋಗ್ರಾಂಗಳು, 1997ರ ಟಪಾಲು. ಒಂದು ಕಡತ ತೆರೆದೆ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ ಕನ್ನಡ, ಅಣ್ಣನಿಗೆ ಬರೆದ ಪತ್ರ. ಪೂರ್ತಿ ಓದಿದೆ. ಅದರಲ್ಲಿ ಏನಿತ್ತೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಪ್ರಬಂಧ ಇನ್ನೂ ಚೆನ್ನಾಗಿರುತ್ತಿತ್ತು, ತೊಂದರೆ ಇರುವುದೇ ಅಲ್ಲಿ.

ತೂಕಕ್ಕೆ ಕೊಂಡ ಕಬ್ಬಿಣದ ಜೊತೆ ಪತ್ರ ಓದುವ ಹಕ್ಕೂ ಬರುತ್ತದೆಯೇ? ಗೆಳೆಯನೊಬ್ಬನನ್ನು ಕೇಳಿದೆ. ಹಳೆಯ ಕಾಗದ ಯಾರೂ ಓದದಿದ್ದರೆ ಚರಿತ್ರೆ ಎಲ್ಲಿರುತ್ತಿತ್ತು, ಹಳಕಟ್ಟಿಯವರು ಮನೆಮನೆಯ ಓಲೆಗರಿ ಹುಡುಕದಿದ್ದರೆ ವಚನಗಳ ಗತಿ ಏನಾಗುತ್ತಿತ್ತು ಎಂದ. ಮಾತು ಸರಿ. ಆದರೆ ಓಲೆಗರಿಯನ್ನು ಪ್ರತಿ ಮಾಡಿದವರು ಮುಂದಿನವರು ಓದಲೆಂದೇ ಮಾಡಿದ್ದರು. ಈತ ಬರೆದದ್ದು ಒಬ್ಬ ಅಣ್ಣನಿಗೆ. ಜೊತೆಗೆ ಈತ ಇನ್ನೂ ಬದುಕಿರಬಹುದು, ಇದೇ ಊರಲ್ಲಿ, ನಾನು ಹತ್ತುವ ಮೆಟ್ರೋದಲ್ಲಿ. 1997ರಲ್ಲಿ ಮೂವತ್ತಿದ್ದರೆ ಈಗ ಅರವತ್ತರ ಆಸುಪಾಸು. ಹುಡುಕಿ ಹಿಂತಿರುಗಿಸೋಣವೆಂದರೆ, ಹುಡುಕಲು ಇನ್ನಷ್ಟು ಪತ್ರಗಳನ್ನು ಓದಬೇಕು. ಬಾಗಿಲು ತಟ್ಟಿ 'ನಿಮ್ಮ ಕಾಗದ ಓದಿದ್ದೇನೆ' ಎನ್ನುವುದು ಯಾರಿಗೆ ಸಮಾಧಾನ ಕೊಡುತ್ತದೆ? ಹೆಚ್ಚಾಗಿ ನನಗೆ.

ಹಾಗಾದರೆ ಅಳಿಸಿಬಿಡು ಎಂದಳು ಹೆಂಡತಿ. ಸುಲಭವಾದ ಉತ್ತರ, ಬಹುಶಃ ಸರಿಯಾದದ್ದೂ. ನನ್ನ ಕೈ ಏಳುವುದಿಲ್ಲ. ಯಾರೋ ವರ್ಷಗಟ್ಟಲೆ ಒಗ್ಗಿಸಿಕೊಂಡ ಕೆಲಸದ ಕೋಣೆ ಅದು. ಅದನ್ನು ಅಳಿಸಿ ಹೊಸದಾಗಿ ಸೊಲಾರಿಸ್ ಹಾಕಿದರೆ ಯಂತ್ರವೇನೋ ಓಡುತ್ತದೆ. ಆದರೆ ಎಬ್ಬಿಸಿದೆ ಎಂದು ಹೇಳಿಕೊಳ್ಳಲು ಉಳಿಯುವುದು ಡಬ್ಬಿ ಮಾತ್ರ. ಗುಜರಿಯವನ ತಕ್ಕಡಿಗೂ ನನ್ನ ಪ್ರೀತಿಗೂ ಆಗ ಏನು ವ್ಯತ್ಯಾಸ? ಈ ವಾದ ನನಗೆ ಅನುಕೂಲಕರವಾಗಿದೆ ಎಂಬುದೂ ಗೊತ್ತು. ಇನ್ನೊಬ್ಬರ ಗುಟ್ಟಿನ ಮೇಲೆ ನನ್ನ ಹವ್ಯಾಸದ ಘನತೆ ನಿಂತಿದೆ ಎಂದು ಅದು ಹೇಳುತ್ತದೆ.

ಸದ್ಯಕ್ಕೆ ಡಿಸ್ಕ್ ಹೊರತೆಗೆದು, ಬಟ್ಟೆ ಸುತ್ತಿ, ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಪ್ರತಿ ಮಾಡಿಕೊಂಡಿಲ್ಲ. ಯಂತ್ರ ಈಗ ಮೆಮೊರಿ ಕಾರ್ಡಿನಿಂದ ಓಡುತ್ತದೆ, ಕಾಫಿ ಎಂಬ ಹೆಸರಲ್ಲಿ. ತಿರುಗದೆ ಬಿದ್ದ ಡಿಸ್ಕ್ ಕೆಲವು ವರ್ಷಗಳಲ್ಲಿ ಬಿಗಿದುಕೊಳ್ಳಬಹುದು. ಆಗ ನಾನು ಏನನ್ನೂ ತೀರ್ಮಾನಿಸಬೇಕಾಗಿ ಬರುವುದಿಲ್ಲ. ಖಾನೆಗೆ ಬೀಗ ಹಾಕಿದ್ದೇನೆ, ಕೀಲಿ ಅದರಲ್ಲೇ ಇದೆ.