ನಮ್ಮ ಕೈಯಿಂದಾದ ಬೆಂಚು

ಬಡಗಿಯು ಚೆನ್ನಾಗಿ ಮಾಡತಕ್ಕ ಕೆಲಸವನ್ನು ಅದರಲ್ಲಿ ಪಳಗದವನು ತಾನೇ ಮಾಡಿಕೊಳ್ಳುವದು ಯುಕ್ತವೋ? ಇದು ಬಡಗಿಯ ಅನ್ನವನ್ನು ಕಸಿದುಕೊಂಡಂತೆ ಆಗುವದಿಲ್ಲವೋ ಎಂದು ಕೆಲವರು ಕೇಳುವದುಂಟು.

ಇಟಲಿ ದೇಶದ ಎಂಝೋ ಮಾರಿ ಎಂಬ ಕಲಾವಿದನು 1974ರಲ್ಲಿ ಮೇಜು, ಕುರ್ಚಿ, ಬೆಂಚು, ಮಂಚ ಮುಂತಾದ 19 ಸಾಮಾನುಗಳ ನಕ್ಷೆಗಳನ್ನು ಬರೆದು, ಅಂಚೆಯ ವೆಚ್ಚವನ್ನು ಮಾತ್ರ ಕಳುಹಿಸಿದವರೆಲ್ಲರಿಗೂ ಕೊಟ್ಟನು. ಅವುಗಳಿಗೆ ಸಾಧಾರಣ ಹಲಗೆ, ಮೊಳೆ, ಸುತ್ತಿಗೆಗಳು ಸಾಕು. ತನ್ನ ಕೈಯಿಂದ ಮಾಡಿದವನು ಇತರರು ಮಾಡಿದ್ದರ ಗುಣದೋಷಗಳನ್ನು ಅರಿಯುವನು ಎಂಬದೇ ಅವನ ಅಭಿಪ್ರಾಯವಾಗಿತ್ತು.

ನಾವೂ ಹಲಗೆಗಳನ್ನು ಕೊಯ್ದು ಒಂದು ಬೆಂಚನ್ನು ಮಾಡಿದೆವು. ಒಂದು ಕಾಲು ಉದ್ದವೆಂದು ತುಸು ಕೊಯ್ಯಲು, ಮತ್ತೊಂದು ಉದ್ದವಾಯಿತು. ಹೀಗೆ ಕೊಯ್ಯುತ್ತಾ ಕೊಯ್ಯುತ್ತಾ ಬೆಂಚು ಮಣೆಯಾಗುವ ಹಾಗಿತ್ತು! ಪಕ್ಕಕ್ಕೆ ವಾಲುತ್ತಿದ್ದ ಅದು, ಕಾಲುಗಳಿಗೆ ಓರೆಯಾಗಿ ಒಂದು ಪಟ್ಟಿಯನ್ನು ಹೊಡೆದ ಮೇಲೆಯೇ ಸ್ಥಿರವಾಗಿ ನಿಂತಿತು. ಇದಕ್ಕೆ ನಾಲ್ಕು ದಿನಗಳು ಹಿಡಿದವು, ಅಂಗೈಗಳಲ್ಲಿ ಬೊಕ್ಕೆಗಳೆದ್ದವು.

ಅದರ ಮೇಲೆ ಕೂತಾಗ ನಮಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಹಿಂದಿನ ವರುಷ ನಮ್ಮ ಬಾಗಿಲನ್ನು ಮಾಡಿದ ಬಡಗಿಯೊಡನೆ, "ಎರಡು ದಿನಗಳ ಕೆಲಸಕ್ಕೆ ಇಷ್ಟು ಕೂಲಿಯೋ?" ಎಂದು ಚೌಕಾಶಿ ಮಾಡಿ ಗೆದ್ದಿದ್ದೆವು. ಆ ಎರಡು ದಿನಗಳ ಹಿಂದೆ ಎಷ್ಟು ವರುಷಗಳ ಅಭ್ಯಾಸವಿತ್ತೆಂಬದನ್ನು ಆಗ ಯೋಚಿಸಲಿಲ್ಲ.

ಆದದರಿಂದ ಬೆಂಚು ಬಡಗಿಯ ಅನ್ನವನ್ನು ಕಸಿಯಲಿಲ್ಲ. ನಾವು ಕಸಿದದ್ದನ್ನು ನಮಗೆ ತೋರಿಸಿತು. ಕಡಿಮೆ ಮಾಡಿದ ಹಣವನ್ನು ಅವನ ಮನೆಗೆ ಹೋಗಿ ಒಪ್ಪಿಸಿದೆವು. ಪ್ರಿಯರೇ, ಮತ್ತೊಬ್ಬನ ಕೂಲಿಯನ್ನು ಅಳೆಯುವದಕ್ಕೆ ಮುಂಚೆ ಒಂದು ದಿನವಾದರೂ ಅವನ ಗರಗಸವನ್ನು ಹಿಡಿದು ನೋಡಿರಿ.