ರಸ್ತೆಯ ಹಕ್ಕು ಯಾರದು?

ರಸ್ತೆ, ಜಮೀನು, ಹಕ್ಕು. ಈ ಮೂರೂ ಪದಗಳು ಪಾರಸಿ, ಅರಬಿಗಳಿಂದ ಬಂದು ಕನ್ನಡದ ಮನೆಮಕ್ಕಳಾಗಿವೆ. ಪದಗಳು ಕೂಡಿ ಬಾಳಿದಷ್ಟು ಸಲೀಸಾಗಿ ಅವು ಹೇಳುವ ವಸ್ತುಗಳು ನಮ್ಮ ಊರುಗಳಲ್ಲಿ ಕೂಡಿ ಬಾಳುತ್ತಿಲ್ಲ. ರಸ್ತೆ ಅಗಲವಾದರೆ ಯಾರದೋ ಜಮೀನು ಹೋಗುತ್ತದೆ. ಜಮೀನು ಬಿಡೆನೆಂದರೆ ರಸ್ತೆ ನಿಲ್ಲುತ್ತದೆ. ನಡುವೆ ಹಕ್ಕಿನ ಮಾತೆತ್ತಿದರೆ ಕಚೇರಿಯವರು ನಕಾಶೆ ಬಿಚ್ಚುತ್ತಾರೆ. (ನಕಾಶೆಯೂ ಆ ಕಡೆಯಿಂದಲೇ ಬಂದದ್ದು.)

ಹುಬ್ಬಳ್ಳಿ-ಧಾರವಾಡವನ್ನೇ ನೋಡೋಣ. ಸುಮಾರು 20 ಕಿ.ಮೀ. ಅಂತರದ ಎರಡು ಊರುಗಳನ್ನು 1962ರಲ್ಲಿ ಒಂದೇ ಪಾಲಿಕೆಗೆ ಸೇರಿಸಿದರು. ಒಂದು ವ್ಯಾಪಾರದ ಊರು, ಇನ್ನೊಂದು ವಿದ್ಯೆಯ ಊರು. 2011ರ ಜನಗಣತಿಯಲ್ಲಿ ಎರಡೂ ಕೂಡಿ 9 ಲಕ್ಷ 43 ಸಾವಿರ ಜನ. ಬೆಂಗಳೂರಿನ ಮುಂದೆ ಇದು ಸಣ್ಣ ಊರೇ. ಆದರೆ ಸಣ್ಣ ಊರಿಗೆ ದೊಡ್ಡ ಊರಿನ ರೋಗ ಬರುವ ಮೊದಲೇ ಮದ್ದು ಕೊಡಬೇಕೆಂದು ಇಲ್ಲಿ ಬಿ.ಆರ್.ಟಿ.ಎಸ್. ಬಂತು. ನಡುರಸ್ತೆಯಲ್ಲಿ ಬಸ್ಸಿಗೆಂದೇ ಬೇಲಿ ಹಾಕಿದ ಪಥ, ಅದರಲ್ಲಿ 'ಚಿಗರಿ' ಬಸ್ಸು, ಸುಮಾರು 22 ಕಿ.ಮೀ. ದಾರಿ. 2018ರ ಅಕ್ಟೋಬರಿನಲ್ಲಿ ಬಸ್ಸು ಓಡಲು ಶುರುವಾಯಿತು, 2020ರ ಫೆಬ್ರವರಿಯಲ್ಲಿ ವಿಧ್ಯುಕ್ತ ಉದ್ಘಾಟನೆಯೂ ಆಯಿತು.

ಅಂದಿನಿಂದ ನಾವು ಕೇಳುತ್ತ ಬಂದ ದೂರು ಒಂದೇ: ಬಸ್ಸಿನ ಪಥ ಖಾಲಿ ಬಿದ್ದಿರುತ್ತದೆ, ಪಕ್ಕದಲ್ಲಿ ಕಾರು, ಬೈಕುಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತವೆ, ಆ ಪಥವನ್ನು ಎಲ್ಲರಿಗೂ ಬಿಡಬಾರದೇ? ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈ 'ಎಲ್ಲರೂ' ಯಾರು? ಲೆಕ್ಕ ಹಾಕಿ ನೋಡಿ. ಎರಡು ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 60 ಜನ ಎಂದು ಹಿಡಿದರೆ ಗಂಟೆಗೆ 1800 ಜನ ಹೋದಂತಾಯಿತು. ಅಷ್ಟೇ ಜನ ಕಾರಿನಲ್ಲಿ ಹೋಗಬೇಕೆಂದರೆ, ಎರಡು ಕಾರಿಗೆ ಮೂವರಂತೆ, 1200 ಕಾರು ಬೇಕು. ಬಸ್ಸು ದಾಟಿಹೋದ ಮೇಲೆ ರಸ್ತೆ ಖಾಲಿ ಕಾಣುವುದು ಅದು ಕೆಲಸ ಮಾಡುತ್ತಿಲ್ಲವೆಂದಲ್ಲ, ಕೆಲಸ ಮುಗಿಸಿದೆ ಎಂದು. ಕಣ್ಣಿಗೆ ತುಂಬಿದ್ದು ಕಾಣುವುದು ವಾಹನ. ಒಳಗಿನ ಮನುಷ್ಯರನ್ನು ನಾವು ಎಣಿಸುವುದಿಲ್ಲ. ದಿಲ್ಲಿಯಲ್ಲಿ 2008ರಲ್ಲಿ ಮಾಡಿದ ಇಂಥದೇ ಪಥವನ್ನು 2016ರಲ್ಲಿ ಕಿತ್ತುಹಾಕಿದರು. ಕಾರಿನವರ ಕೂಗಿಗೆ ಪತ್ರಿಕೆಯಲ್ಲಿ ಜಾಗ ಸಿಕ್ಕಿತು. ಬಸ್ಸಿನಲ್ಲಿ ನಿಂತು ಹೋಗುವವನಿಗೆ ಪತ್ರ ಬರೆಯಲು ಪುರಸೊತ್ತೆಲ್ಲಿ?

ಇಷ್ಟು ಹೇಳಿ ಬಸ್ಸಿನ ಪರ ಜೈಕಾರ ಹಾಕಿ ಏಳಬಹುದಿತ್ತು. ಆದರೆ ವಾಹನಕ್ಕಿಂತ ದೊಡ್ಡ ಗಂಟು ಜಮೀನಿನದು. ಬ್ರೆಜಿಲ್ ದೇಶದ ಕುರಿಚಿಬಾ ನಗರ 1974ರಲ್ಲಿ ಇಂಥ ಬಸ್ ಪಥವನ್ನು ಆರಂಭಿಸಿದಾಗ, ಎತ್ತರದ ಕಟ್ಟಡಗಳು ಆ ದಾರಿಯ ಇಕ್ಕೆಲದಲ್ಲೇ ಬರಲಿ ಎಂದು ಭೂಬಳಕೆಯ ನಿಯಮವನ್ನೂ ಜೊತೆಗೇ ಕಟ್ಟಿತು. ಜನ ಇರುವಲ್ಲಿ ಬಸ್ಸು, ಬಸ್ಸಿರುವಲ್ಲಿ ಜನ. ನಮ್ಮಲ್ಲಿ ಬಸ್ಸನ್ನು ಒಂದು ಕಚೇರಿ ಓಡಿಸುತ್ತದೆ, ಬಡಾವಣೆಗೆ ಇನ್ನೊಂದು ಕಚೇರಿ ಒಪ್ಪಿಗೆ ಕೊಡುತ್ತದೆ. ಬಡವನಿಗೆ ಕೈಗೆಟಕುವ ನಿವೇಶನ ಬಸ್ ದಾರಿಯಿಂದ ಮೂರು ಮೈಲಿ ಒಳಗಿರುತ್ತದೆ. ಅಲ್ಲಿಂದ ನಿಲ್ದಾಣಕ್ಕೆ ಬರಲು ಆಟೋಕ್ಕೆ ಕೊಡುವ ದುಡ್ಡು ಬಸ್ ಟಿಕೆಟ್ಟಿಗಿಂತ ಹೆಚ್ಚು. ಕೊನೆಗೆ ಸಾಲ ಮಾಡಿ ಬೈಕು ಕೊಳ್ಳುತ್ತಾನೆ, ಸಂಚಾರ ದಟ್ಟಣೆಯ ಅಂಕಿಗೆ ಒಂದನ್ನು ಕೂಡಿಸುತ್ತಾನೆ.

ಎರಡೂ ಊರುಗಳ ನಡುವೆ ನವಲೂರು ಇದೆ. ಪೇರಲ ತೋಟಗಳಿಗೆ ಹೆಸರಾದ ಊರು. ಈಗ ತೋಟಗಳ ಜಾಗದಲ್ಲಿ ನಿವೇಶನಗಳ ಕಲ್ಲು ನೆಡುತ್ತಿದ್ದಾರೆ. ರಸ್ತೆ ಅಗಲವಾಗುವ ಮೊದಲು ಮಗಳ ಮದುವೆಗೆಂದು ತೋಟ ಮಾರಿದ ರೈತನಿಗೆ ಒಂದು ಬೆಲೆ, ಅದನ್ನು ಕೊಂಡು ಸುಮ್ಮನೆ ಕಾದು ಕುಳಿತವನಿಗೆ ಇನ್ನೊಂದು ಬೆಲೆ. ಈ ನಡುವಿನ ಹೆಚ್ಚಳ ಯಾರ ದುಡಿಮೆ? ರೈತನದಲ್ಲ, ಕೊಂಡವನದಂತೂ ಅಲ್ಲ. ಸಾರ್ವಜನಿಕ ಹಣದಿಂದ ರಸ್ತೆ ಆಯಿತು, ಬೆಲೆ ಏರಿತು. ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲೇ ಈ ಪ್ರಶ್ನೆಯನ್ನು ಪುಸ್ತಕವಾಗಿ ಬರೆದು, ಸಮಾಜ ಬೆಳೆಸಿದ ಬೆಲೆ ಸಮಾಜಕ್ಕೇ ಸಲ್ಲಬೇಕೆಂದು ವಾದಿಸಿದ. ಭೂಮಿಯ ಬಳಕೆ ಬದಲಿಸುವಾಗ ಶುಲ್ಕ ಕಟ್ಟಬೇಕೆಂದು 1961ರ ನಮ್ಮ ನಗರ ಯೋಜನಾ ಕಾಯಿದೆಯಲ್ಲೂ ಇದೆ. ಆದರೆ ಬೆಲೆ ಹತ್ತು ಮೆಟ್ಟಿಲು ಹತ್ತಿದರೆ ಶುಲ್ಕ ಹೊಸ್ತಿಲಲ್ಲೇ ನಿಂತಿರುತ್ತದೆ. ಸಮಾಜದ ಪಾಲಿನ ದುಡ್ಡಿನಲ್ಲಿ ಒಳಬಡಾವಣೆಗಳಿಗೆ ಸಣ್ಣ ಬಸ್ಸು ಬಿಡಬಹುದಿತ್ತು.

ಕೊಟ್ಟವರ ಮಾತನ್ನೂ ಆಡಬೇಕು. ಇದೇ ದಾರಿಗಾಗಿ ಅಂಗಡಿಗಳು ಹೋದವು, ಹಳೆಯ ಮರಗಳು ಹೋದವು, ಗುಡಿಗಳು ತೆರವಾದವು. 2022ರ ಡಿಸೆಂಬರಿನಲ್ಲಿ ಬೈರಿದೇವರಕೊಪ್ಪದ ಹಳೆಯ ದರ್ಗಾ ಪೊಲೀಸು ಕಾವಲಿನಲ್ಲಿ ತೆರವಾಯಿತು. ಎಲ್ಲ ಜಾತಿಯವರೂ ಹರಕೆ ಹೊತ್ತು ಹೋಗುತ್ತಿದ್ದ ಜಾಗ. ನಮಗೆ ನೋವಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಸಾವಿರಾರು ಜನ ನಡೆಯುವ ದಾರಿಗಾಗಿ ಜಾಗ ಬಿಡುವುದನ್ನು ಯಾವ ಸಂತನೂ ಬೇಡವೆನ್ನಲಾರ ಎಂದೇ ನಾವು ತಿಳಿದಿದ್ದೇವೆ. ಹಾಗೆ ಬಿಟ್ಟವರಿಗೆ ಒಂದು ಪ್ರಶ್ನೆ ಕೇಳುವ ಅಧಿಕಾರ ಮಾತ್ರ ಉಳಿಯುತ್ತದೆ: ನಾವು ಕೊಟ್ಟದ್ದು ಯಾರಿಗೆ ಸೇರಿತು? ಬಸ್ಸಿಗೆಂದು ಪಡೆದ ಜಾಗವನ್ನು ನಾಳೆ ಕಾರಿಗೆ ಬಿಟ್ಟರೆ, ಗುಡಿಯವರಿಗೂ ದರ್ಗಾದವರಿಗೂ ಅಂಗಡಿಯವರಿಗೂ ಕೊಟ್ಟ ಮಾತು ಮುರಿದಂತಲ್ಲವೇ? ಜಾಗ ಪಡೆಯುವಾಗ ಹೇಳಿದ ಕಾರಣ, ಪಡೆದ ಮೇಲೂ ಕಾರಣವಾಗಿಯೇ ಇರಬೇಕು.

ಇನ್ನು ಬಸ್ಸೂ ಇಲ್ಲದ, ಕಾರೂ ಇಲ್ಲದ, ಬರಿಗಾಲಿನವರು. ಊರೊಳಗೆ ಈ ರಸ್ತೆ 35 ಮೀಟರಿನಷ್ಟು ಅಗಲ. ಸೆಕೆಂಡಿಗೆ ಒಂದು ಮೀಟರು ನಡೆಯುವವನಿಗೆ ದಾಟಲು 35 ಸೆಕೆಂಡು ಬೇಕು. ಮೊಣಕಾಲು ನೋವಿನ ಅಜ್ಜಿಗೆ, ಕೈಯಲ್ಲಿ ಕಾಯಿಪಲ್ಲೆಯ ಚೀಲವೂ ಇದ್ದರೆ, ಮುಕ್ಕಾಲು ನಿಮಿಷ ಮೀರುತ್ತದೆ. ಜಮೀನು ಕಳೆದುಕೊಂಡವನಿಗೆ ಪರಿಹಾರದ ಕಾಲಂ ಇದೆ. ಮೊದಲು ಹತ್ತು ಹೆಜ್ಜೆಯಲ್ಲಿ ದಾಟುತ್ತಿದ್ದ ಎದುರು ಮನೆಯನ್ನು ಕಳೆದುಕೊಂಡ ಅಜ್ಜಿಗೆ ಯಾವ ಕಾಲಮ್ಮೂ ಇಲ್ಲ. ಮೇಲ್ಸೇತುವೆ ಕಟ್ಟಿ ಹತ್ತಿ ಇಳಿಯಿರಿ ಎನ್ನುವವರು ವಾಹನಕ್ಕೆ ಸಮತಟ್ಟು ನೆಲವನ್ನೂ ಮುದುಕಿಗೆ ಮೆಟ್ಟಿಲನ್ನೂ ಹಂಚುತ್ತಾರೆ. ದೀಪದ ಹಸಿರಿಗೆ ಎಷ್ಟು ಸೆಕೆಂಡು ಎಂದು ತೀರ್ಮಾನಿಸುವ ಸಭೆಗೆ ಇಂಜಿನಿಯರರ ಜೊತೆ ಅಂಥ ಒಬ್ಬ ಅಜ್ಜಿಯನ್ನೂ ಕರೆದು, ಚೀಲದ ಸಮೇತ ಒಂದು ಸಲ ರಸ್ತೆ ದಾಟಿಸಿ, ಗಡಿಯಾರ ನೋಡಿ ಬರೆದುಕೊಳ್ಳಲಿ.