ಹರಕೆಯ ಹಿಂದಿನ ಮನಸ್ಸು



ಪೀಣ್ಯದಲ್ಲಿ ನೈಟ್ ಶಿಫ್ಟ್ ಮುಗಿಸಿ, ನಿದ್ದೆಗೆಟ್ಟ ಕಣ್ಣಿನಲ್ಲೇ ಬೆಟ್ಟ ಹತ್ತುವವರಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗೆ ರಜೆ ಹಾಕಿ ಮನೆಮಂದಿಯನ್ನೆಲ್ಲ ಕರೆತರುವವರಿದ್ದಾರೆ. ವೈಟ್‌ಫೀಲ್ಡ್‌ನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವ ತಾಯಂದಿರಿದ್ದಾರೆ. ಕೆಲಸ ಪರ್ಮನೆಂಟ್ ಆಗಲಿ, ವೀಸಾ ಸಿಗಲಿ, ಸಾಲ ತೀರಲಿ, ಗಂಡ ಕುಡಿತ ಬಿಡಲಿ - ಹೀಗೆ ಒಬ್ಬೊಬ್ಬರದು ಒಂದೊಂದು ಬೇಡಿಕೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿಯುಟ್ಟು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾಗೆ ನಡೆದು ಬರುವವರದೂ, ಗುರುವಾರ ವಿವೇಕನಗರದ ಬಾಲಯೇಸುವಿನ ಮುಂದೆ ನಿಲ್ಲುವವರದೂ ಇಂಥ ಬೇಡಿಕೆಗಳೇ.

"ಇಂಥದ್ದನ್ನೆಲ್ಲ ದೇವರ ಹತ್ರ ಕೇಳಬಹುದಾ? ಇದು ಸ್ವಾರ್ಥ ಅಲ್ವಾ?" ಎಂದು ಕೆಲವರು ಅಳುಕುತ್ತಾರೆ. ಅಳುಕಬೇಕಾಗಿಲ್ಲ. ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿಯೇ ದಿನದಿನದ ಆಹಾರದ ಬೇಡಿಕೆ ಇದೆ. ಹಸಿದವನು ಅನ್ನ ಕೇಳುವುದು ಪಾಪವಲ್ಲ. ಆದರೆ ಕೇಳುವ ಮನಸ್ಸು ಎಂಥದ್ದು ಎಂಬುದನ್ನು ಸ್ವಾಮಿ ನೋಡುತ್ತಾರೆ.

ಮಾರ್ಕನ ಶುಭಸಂದೇಶದ 10ನೇ ಅಧ್ಯಾಯವನ್ನು ತೆರೆದು ನೋಡಿ. ಅಲ್ಲಿ ಯೇಸು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಾರೆ: ನಿಮಗಾಗಿ ನಾನೇನು ಮಾಡಬೇಕು? ಮೊದಲ ಸಲ ಜೆಬೆದಾಯನ ಮಕ್ಕಳಾದ ಯಕೋಬ, ಯೊವಾನ್ನರಿಗೆ. ಅವರು ಕೇಳಿದ್ದು ಸ್ವಾಮಿಯ ಎಡಬಲದ ಆಸನ. ಉಳಿದ ಹತ್ತು ಮಂದಿಗೂ ಸಿಟ್ಟು ಬಂತು. ಎರಡನೇ ಸಲ, ಜೆರಿಕೋ ದಾರಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡ ಬಾರ್ತಿಮಾಯನಿಗೆ. ಅವನು ಕೇಳಿದ್ದು ಕಣ್ಣು. ಕಣ್ಣು ಬಂದ ಮೇಲೆ ಸ್ವಾಮಿ "ಹೋಗು" ಎಂದರೂ ಅವನು ಹೋಗಲಿಲ್ಲ. ಅವರ ಹಿಂದೆಯೇ ದಾರಿ ಹಿಡಿದ. ಅವನಿಗೆ ಬೇಕಾಗಿದ್ದದ್ದು ಬರೀ ಕಣ್ಣಲ್ಲ ಎಂಬುದು ಆಗ ತಿಳಿಯಿತು.

ಹಾಗಾದರೆ ಆಸನ ಕೇಳಿದವರನ್ನು ಸ್ವಾಮಿ ಓಡಿಸಿದರೇ? ಇಲ್ಲ. ಕೂರಿಸಿಕೊಂಡು ತಿದ್ದಿದರು. ದೊಡ್ಡವನಾಗಬೇಕಾದರೆ ಎಲ್ಲರ ಸೇವಕನಾಗು ಎಂದರು. ಅದೇ ಯಕೋಬ ಮುಂದೆ ಹೆರೋದ ಅರಸನ ಕತ್ತಿಗೆ ತಲೆಕೊಟ್ಟ. ಹನ್ನೆರಡು ಪ್ರೇಷಿತರಲ್ಲಿ ಕ್ರಿಸ್ತನಿಗಾಗಿ ಪ್ರಾಣಕೊಟ್ಟವರೆಂದು ಬೈಬಲ್ ಹೇಳುವುದು ಅವನೊಬ್ಬನನ್ನೇ. ಕುರ್ಚಿಗಾಗಿ ಬಂದವನ ಮನಸ್ಸು ಸ್ವಾಮಿಯ ಜೊತೆ ನಡೆದೂ ನಡೆದೂ ಹಾಗೆ ಬದಲಾಯಿತು.

ಈಗ ಇವತ್ತಿನ ಒಂದು ಉದಾಹರಣೆ ತೆಗೆದುಕೊಳ್ಳಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಬ್ಬರು ಕಾಂಟ್ರ್ಯಾಕ್ಟ್ ಕೆಲಸಗಾರರು. ಅಕ್ಕಪಕ್ಕದ ಮೆಷಿನ್, ಒಂದೇ ಡಬ್ಬಿಯ ಊಟ. ಪರ್ಮನೆಂಟ್ ಆಗುವ ಜಾಗ ಮಾತ್ರ ಒಂದೇ. ಒಬ್ಬನು ಹರಕೆ ಹೊತ್ತು ಬೆಟ್ಟಕ್ಕೆ ಬರುತ್ತಾನೆ. "ಸ್ವಾಮಿ, ನನಗಾಗಲಿ" ಅಂತಾನೆ. ಹಾಗನ್ನುವಾಗಲೇ "ಅವನಿಗೆ ಬೇಡ" ಎಂಬ ಮಾತೂ ಒಳಗೆ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳಲು ಮಾತ್ರ ನಾಚಿಕೆ. ಗೆಳೆಯನಿಗೂ ಮಕ್ಕಳಿದ್ದಾರೆ, ಅವನಿಗೂ ಬಾಡಿಗೆ ಕಟ್ಟಬೇಕು. ಆ ನಾಚಿಕೆಯನ್ನು ಮುಚ್ಚಿಡದೆ ಸ್ವಾಮಿಯ ಮುಂದೆ ಇಟ್ಟರೆ ಅದೇ ನಿಜವಾದ ಪ್ರಾರ್ಥನೆ. "ನನಗೆ ಆಗಲಿ ಅಂತ ಆಸೆ ಇದೆ ಸ್ವಾಮಿ, ಸುಳ್ಳು ಹೇಳಲ್ಲ. ಆದರೆ ಅವನ ಮನೆ ಒಲೆಯೂ ಆರದಿರಲಿ" ಎನ್ನುವಷ್ಟು ಮನಸ್ಸು ತಿರುಗಿದರೆ ಹತ್ತಿದ ಬೆಟ್ಟ ಸಾರ್ಥಕ.

ಪಟ್ಟಿಯಲ್ಲಿ ಗೆಳೆಯನ ಹೆಸರೇ ಬಂದರೆ? ನೋವಾಗುತ್ತದೆ, ಆಗದೆ ಇರದು. ಗೆತ್ಸೆಮನಿ ತೋಟದಲ್ಲಿ ಯೇಸುವೂ ಆ ಕಷ್ಟ ತನಗೆ ತಪ್ಪಲಿ ಎಂದೇ ಬೇಡಿಕೊಂಡರು. ಆಮೇಲೆ ತಂದೆಯ ಚಿತ್ತಕ್ಕೆ ತಮ್ಮನ್ನು ಒಪ್ಪಿಸಿದರು. ಅಷ್ಟಾದರೂ ಆ ದಿನ ಮಧ್ಯಾಹ್ನ ಅವನು ಡಬ್ಬಿ ತೆಗೆದುಕೊಂಡು ಅದೇ ಗೆಳೆಯನ ಪಕ್ಕ ಕೂತರೆ, ಪ್ರಾರ್ಥನೆ ವ್ಯರ್ಥವಾಗಲಿಲ್ಲ ಎಂದು ತಿಳಿಯಿರಿ.

ಒಂದು ಮಾತು ಮರೆಯಬಾರದು. ಸಂತ ಯಕೋಬರ ಪತ್ರದ 4ನೇ ಅಧ್ಯಾಯ, ಸ್ವಂತ ಭೋಗಕ್ಕಾಗಿ ಕೇಳುವವರಿಗೆ ಸಿಗುವುದಿಲ್ಲ ಎಂದು ಎಚ್ಚರಿಸುತ್ತದೆ. ಅದೇ ಪತ್ರದ 5ನೇ ಅಧ್ಯಾಯ, ಕೂಲಿಯವರಿಗೆ ಕೊಡದೆ ಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟಿದೆ ಎನ್ನುತ್ತದೆ. ನ್ಯಾಯವಾದ ಸಂಬಳ ಕೇಳುವುದು ದುರಾಸೆಯಲ್ಲ. ಕೆಲಸ ಕೊಡುವವರೂ ಈ ಬೆಟ್ಟ ಹತ್ತುತ್ತಾರೆ. ಅವರು ಮೇಣದ ಬತ್ತಿ ಹಚ್ಚುವ ಮೊದಲು ಆ ಅಧ್ಯಾಯ ಓದಿಕೊಳ್ಳಲಿ.

ದೇವರಿಗೆ ಎಲ್ಲ ಗೊತ್ತಿದ್ದ ಮೇಲೆ ಕೇಳುವುದೇಕೆ? 5ನೇ ಶತಮಾನದಲ್ಲಿ ಪ್ರೋಬ ಎಂಬ ರೋಮಿನ ವಿಧವೆಗೆ ಸಂತ ಅಗಸ್ಟೀನರು ಒಂದು ಪತ್ರ ಬರೆದರು. ದೇವರಿಗೆ ತಿಳಿಸಲೆಂದು ಅಲ್ಲ, ಅವರು ಕೊಡುವುದನ್ನು ಪಡೆಯುವಷ್ಟು ಬೇಡುವವರ ಮನಸ್ಸು ಅಗಲವಾಗಲೆಂದು ಪ್ರಾರ್ಥನೆ ಎಂಬುದು ಅದರ ಸಾರ.

ಆದ್ದರಿಂದ ಯಾತ್ರಿಕರೇ, ಬೇಡಿಕೆಯನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಇದ್ದ ಹಾಗೆಯೇ ತನ್ನಿ. ಮೊಣಕಾಲೂರಿದಾಗ ಮೂರು ಮಾತು ಕೇಳಿಕೊಳ್ಳಿ: ಇದು ಯಾರಿಗಾಗಿ? ಇದರಿಂದ ಯಾರಿಗಾದರೂ ಕೇಡಾಗುತ್ತದೆಯೇ? ಸಿಕ್ಕ ಮೇಲೂ, ಸಿಗದಿದ್ದರೂ ಸ್ವಾಮಿಯ ಹಿಂದೆ ನಡೆಯುತ್ತೇನೆಯೇ? ಉತ್ತರ ಸರಿಯಿಲ್ಲದಿದ್ದರೆ ಹೆದರಿ ಎದ್ದು ಹೋಗಬೇಡಿ. ಸ್ವಲ್ಪ ಹೊತ್ತು ಅಲ್ಲೇ ಇರಿ. ಯಕೋಬನನ್ನು ತಿದ್ದಿದ ಸ್ವಾಮಿ ನಿಮ್ಮನ್ನೂ ತಿದ್ದಲಿ, ಮಾತೆ ಮರಿಯಮ್ಮನವರು ನಿಮಗಾಗಿ ಬೇಡಿಕೊಳ್ಳಲಿ. ಆಮೆನ್.